ಹಿಂದಿನ ಸೀಟಿನ ಆಮೆನ್

ಭಾನುವಾರ ಮಧ್ಯಾಹ್ನ ಇದನ್ನು ಬರೆಯಲು ಕೂತಿದ್ದೇನೆ, ಬಲಗಾಲಿನ ಮೀನಖಂಡ ಇನ್ನೂ ಹಿಡಿದುಕೊಂಡೇ ಇದೆ. ಬೆಳಿಗ್ಗೆ ಆರಾಧನೆಗೆ ಹೋಗುವ ಇಪ್ಪತ್ತು ನಿಮಿಷದ ದಾರಿಯುದ್ದಕ್ಕೂ ನಾನು ಒಂದೇ ಸಮನೆ ಬ್ರೇಕ್ ಒತ್ತಿದ್ದೇ ಇದಕ್ಕೆ ಕಾರಣ. ಕೂತಿದ್ದದ್ದು ಮಾತ್ರ ಹಿಂದಿನ ಸೀಟಿನಲ್ಲಿ. ಅಲ್ಲಿ ಬ್ರೇಕ್ ಇರುವುದಿಲ್ಲವೆಂದು ತಲೆಗೆ ಗೊತ್ತು. ಕಾಲಿಗೆ ಯಾರು ಹೇಳಬೇಕು?

ಕಾರು ನಮ್ಮ ಸಭೆಯ ಹಿರಿಯರೊಬ್ಬರದು. ನನ್ನ ಗಾಡಿ ದುರಸ್ತಿಗೆ ಹೋದ ಸುದ್ದಿ ಅವರ ಕಿವಿಗೆ ಬಿದ್ದದ್ದೇ ತಡ, ಮೂರು ಭಾನುವಾರಗಳಿಂದ ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದೊಯ್ಯುತ್ತಿದ್ದಾರೆ. ಇಷ್ಟು ಉಪಕಾರ ಮಾಡುವವರ ಮೇಲೆ ರೇಗುವುದಾದರೂ ಹೇಗೆ? ರೇಗಲಾಗದ ಸಿಟ್ಟೆಲ್ಲ ಕಾಲಿಗಿಳಿದು ಹೀಗೆ ನೋಯುತ್ತದೆ.

ಹಿರಿಯರು ಪ್ರಾರ್ಥನೆ ಮಾಡದೆ ಕೀಲಿ ತಿರುಗಿಸುವವರಲ್ಲ. ಚುಟುಕು ಪ್ರಾರ್ಥನೆ ಅವರಿಗೆ ಒಗ್ಗುವುದೂ ಇಲ್ಲ. ಎಂಜಿನ್ನು, ನಾಲ್ಕು ಚಕ್ರ, ಡಿಕ್ಕಿಯಲ್ಲಿ ಮಲಗಿರುವ ಐದನೆಯ ಚಕ್ರ, ದಾರಿಯಲ್ಲಿ ಎದುರಾಗುವವರು, ಹಿಂದಿನಿಂದ ಬರುವವರು, ಎಲ್ಲರನ್ನೂ ಒಂದೊಂದಾಗಿ ಹೆಸರಿಸಿ ಕರ್ತನ ಕೈಗೆ ಒಪ್ಪಿಸುತ್ತಾರೆ. ಕೊನೆಗೆ 91ನೇ ಕೀರ್ತನೆ: ಕಾಲು ಕಲ್ಲಿಗೆ ತಗಲದಂತೆ ದೂತರು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ ಭಾಗ. ನಾವು ಹಿಂದಿನಿಂದ ಆಮೆನ್ ಅನ್ನುತ್ತೇವೆ. ನಮ್ಮ ಆಮೆನ್ ಅವರದಕ್ಕಿಂತ ಗಟ್ಟಿಯಾಗಿರುತ್ತದೆ, ಮುಂದೇನು ಕಾದಿದೆಯೆಂದು ಬಲ್ಲವರು ನಾವಲ್ಲವೇ! ಅಲ್ಲಿಗೆ ಹಿರಿಯರ ಪಾಲಿನ ಕೆಲಸ ಮುಗಿಯಿತು. ಉಳಿದದ್ದು ದೂತರದು.

ಇದೇ ವಚನವನ್ನು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಬ್ಬನು ಬಾಯಿಪಾಠ ಒಪ್ಪಿಸುತ್ತಾನೆ, ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ, ಕೆಳಗೆ ಧುಮುಕು ಎಂದು ಪುಸಲಾಯಿಸುವಾಗ. ಆ ಇನ್ನೊಬ್ಬನು ಸೈತಾನನೆಂದು ಹಿರಿಯರಿಗೆ ನೆನಪಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ದೇವರನ್ನು ಪರೀಕ್ಷಿಸಬಾರದೆಂದು ಯೇಸು ಕೊಟ್ಟ ಉತ್ತರವನ್ನು ಬಾಯೊಳಗೇ ಹೇಳಿಕೊಂಡು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತೇನೆ.

ಕಾರಿನೊಳಗಿನ ಕನ್ನಡಿಗೆ ಮರದ ಶಿಲುಬೆಯೊಂದನ್ನು ನೇತುಹಾಕಿದ್ದಾರೆ. ಅದು ಎಲ್ಲಿಗೂ ತಾಗದೆ ನೆಟ್ಟಗೆ ತೂಗಲೆಂದು ಕನ್ನಡಿಯನ್ನೇ ಮೇಲಕ್ಕೆ ವಾಲಿಸಿರುವುದರಿಂದ ಅದರಲ್ಲಿ ಕಾರಿನ ಚಾವಣಿ ಬಹಳ ಚೆನ್ನಾಗಿ ಕಾಣುತ್ತದೆ. ಇಂಡಿಕೇಟರ್ ಹಾಕುವ ಪದ್ಧತಿ ಇಲ್ಲ. ಯಾಕೆಂದು ಕೇಳಿದ್ದಕ್ಕೆ, “ನಾನು ಎತ್ತ ತಿರುಗುತ್ತೇನೆಂದು ಕರ್ತನಿಗೆ ಗೊತ್ತಪ್ಪ” ಎಂದರು. ಹಿಂದೆ ಬರುತ್ತಿರುವ ಬಸ್ಸಿನ ಚಾಲಕನಿಗೂ ಒಂದು ಮಾತು ತಿಳಿಸಿದರೆ ಚೆನ್ನ ಎಂದೆ. ನಕ್ಕರು. ಅವರದು ಬಹಳ ನಿರ್ಮಲವಾದ ನಗು, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಕಾಣಲು ಹೇಗೆ ಸಾಧ್ಯವಾಯಿತೆಂದರೆ, ನಗುವಾಗ ಅವರು ಪೂರ್ತಿ ನಮ್ಮ ಕಡೆಗೆ ತಿರುಗಿದ್ದರು.

ನನ್ನ ಕಾಲು ನೋವಿನ ಮೂಲ ಇದೇ. ಮಾತನಾಡುವಾಗ ಎದುರಿಗಿರುವವರ ಮುಖ ನೋಡಬೇಕೆಂದು ಯಾರೋ ಅವರಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಾರೆ. ಹೇಳಿಕೊಟ್ಟವರು ಸ್ಟೀರಿಂಗಿನ ವಿಷಯ ಎತ್ತಿರಲಿಕ್ಕಿಲ್ಲ. “ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದು ಕೇಳಲು ತಲೆ ಹಿಂದಕ್ಕೆ ತಿರುಗುತ್ತದೆ, ಉತ್ತರ ಬರುವ ತನಕ ತಿರುಗಿಯೇ ಇರುತ್ತದೆ. ಹಾಗಾಗಿ ನಾವು ಗಂಡ ಹೆಂಡತಿ ಚಿಕ್ಕ ಉತ್ತರಗಳ ಅಭ್ಯಾಸ ಮಾಡಿಕೊಂಡೆವು. “ಕ್ಷೇಮ.” “ಹೌದು.” “ಸ್ತೋತ್ರ.” ಇದು ತಿರುಗುಬಾಣವಾಯಿತು. ಚಿಕ್ಕ ಉತ್ತರ ಕೇಳಿ ನಮಗೇನೋ ಮನಸ್ಸಿಗೆ ಬೇಸರವಾಗಿದೆ ಎಂದುಕೊಂಡರು. ಸಮಾಧಾನಪಡಿಸಲು ಇನ್ನಷ್ಟು ತಿರುಗಿದರು, ಈ ಸಲ ಒಂದು ಕೈಯೂ ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ಬಂತು, ನನ್ನ ಮೊಣಕಾಲು ತಟ್ಟಲು. ಹೋದ ವಾರ ಇನ್ನೊಂದು ಉಪಾಯ ಮಾಡಿ ಇಬ್ಬರೂ ಧ್ಯಾನದಲ್ಲಿರುವವರಂತೆ ಕಣ್ಣು ಮುಚ್ಚಿ ಕೂತೆವು. ಹಿರಿಯರು ಮೌನವಾದರು. ಗೆದ್ದೆವು ಎಂದುಕೊಂಡು ಒಂದೇ ಒಂದು ಕಣ್ಣನ್ನು ಎಳೆಯಷ್ಟು ತೆರೆದು ನೋಡಿದರೆ, ನಮ್ಮ ಧ್ಯಾನ ಮುಗಿಯಿತೋ ಇಲ್ಲವೋ ಎಂದು ಅವರು ತಿರುಗಿ ಕಾಯುತ್ತಿದ್ದರು.

ಇವತ್ತು ಗಡಿಯಾರ ಹಿಡಿದು ಎಣಿಸಿದೆ. ಒಂದು ತಿರುಗುವಿಕೆಗೆ ಮೂರು ಸೆಕೆಂಡು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡಿಗೆ 33. ನಮ್ಮ ದೇವಾಲಯದ ಹೆಬ್ಬಾಗಿಲಿನಿಂದ ಪ್ರಸಂಗಪೀಠದವರೆಗೂ ಅಷ್ಟು ದೂರವಿಲ್ಲ. ಅಂದರೆ, “ಕಾಫಿ ಕುಡಿದು ಬಂದಿರಾ?” ಎಂದು ಕೇಳುವಷ್ಟರಲ್ಲಿ ಅವರು ಸಭೆಯನ್ನೆಲ್ಲ ಈ ತುದಿಯಿಂದ ಆ ತುದಿಗೆ ಕಣ್ಣುಮುಚ್ಚಿ ದಾಟಿದಂತಾಯಿತು. ಈ ಲೆಕ್ಕವನ್ನು ಅವರಿಗೆ ಒಪ್ಪಿಸಿದೆ. ಆಸಕ್ತಿಯಿಂದ ತಿರುಗಿ ಕೇಳಿದರು.

ಅವರ ಬಳಿ ಉತ್ತರವಿಲ್ಲದೆ ಇಲ್ಲ, ಓದಿಕೊಂಡವರು. “ಜಾನ್ ವೆಸ್ಲಿ ಕುದುರೆಯ ಮೇಲೆ ಕೂತು, ಲಗಾಮು ಸಡಿಲ ಬಿಟ್ಟು ಪುಸ್ತಕ ಓದುತ್ತಾ ಊರೂರು ಸುತ್ತಲಿಲ್ಲವೇ?” ಎಂದರು. ಮೆಥಡಿಸ್ಟ್ ಪಂಥದ ಮೂಲಪುರುಷ ಹಾಗೆ ಸುತ್ತಿದ್ದು ನಿಜ. ಆದರೆ ಆ ಕುದುರೆಗೆ ಎರಡು ಕಣ್ಣುಗಳಿದ್ದವು, ನಿಮ್ಮ ಕಾರಿಗಿರುವುದು ಎರಡು ದೀಪ ಎಂದೆ. “ಐಥಿಯೋಪ್ಯದ ಕಂಚುಕಿ ರಥದಲ್ಲಿ ಯೆಶಾಯನ ಗ್ರಂಥ ಓದುತ್ತಾ ಹೋದನಲ್ಲ?” ಹೋದನು, ಸರಿ. ಆದರೆ ರಥ ನಿಲ್ಲಿಸಲು ಅವನು ಅಪ್ಪಣೆ ಕೊಟ್ಟನೆಂದು ಅಪೊಸ್ತಲರ ಕೃತ್ಯಗಳಲ್ಲೇ ಇದೆ. ಅಪ್ಪಣೆ ಕೊಡಬೇಕಾದರೆ ಓಡಿಸುವವನು ಬೇರೊಬ್ಬನಿರಬೇಕು, ಅವನು ಯೆಶಾಯನನ್ನು ಓದುತ್ತಿರಲಿಲ್ಲ! ಈ ವಾದದಲ್ಲಿ ನಾನು ಗೆದ್ದೆ. ಗೆದ್ದದ್ದಕ್ಕೆ ಅವರು ತಿರುಗಿ ಅಭಿನಂದಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದನ್ನೂ ಹೇಳದಿದ್ದರೆ ಹೆಂಡತಿ ಸುಮ್ಮನಿರುವುದಿಲ್ಲ. ನಾನು ಕನ್ನಡಿ ನೋಡುತ್ತೇನೆ, ಇಂಡಿಕೇಟರ್ ಹಾಕುತ್ತೇನೆ, ಫೋನ್ ಮುಟ್ಟುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಕಾರು ಜಾರುವ ದೂರ ನಾಲ್ಕರಷ್ಟಾಗುತ್ತದೆ ಎಂಬುದೂ ಗೊತ್ತು. ಆದರೂ ಮನೆಯಲ್ಲಿ ನನ್ನ ಹೆಸರು ಯೇಹು. ಎರಡನೆಯ ಅರಸುಗಳು ಪುಸ್ತಕದಲ್ಲಿ ಬುರುಜಿನ ಕಾವಲುಗಾರ ಬಹಳ ದೂರದಿಂದಲೇ, ಮುಖ ಕಾಣುವ ಮೊದಲೇ, ರಥ ಓಡಿಸುವ ಹುಚ್ಚು ರಭಸ ನೋಡಿ ಇವನು ಯೇಹುವೇ ಇರಬೇಕು ಎನ್ನುತ್ತಾನೆ. ನನ್ನ ಕಾರಿನ ಹಾರ್ನ್ ಕೇಳಿದ ಕೂಡಲೇ ಹೆಂಡತಿ ಅನ್ನ ಬಡಿಸಲು ಏಳುತ್ತಾಳೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಪವಿತ್ರಾತ್ಮನ ಫಲಗಳೆಂದು ಒಂಬತ್ತನ್ನು ಎಣಿಸುತ್ತಾನೆ. ನಾಲ್ಕನೆಯದು ದೀರ್ಘಶಾಂತಿ. ನನ್ನ ದೀರ್ಘಶಾಂತಿಯ ಉದ್ದವನ್ನು ಹೆಂಡತಿ ಅಳೆದಿಟ್ಟಿದ್ದಾಳೆ: ಹಸಿರು ದೀಪ ಹತ್ತಿದ ಮೇಲೆ ಮುಂದಿನ ಕಾರು ಹೊರಡುವ ತನಕ, ಅದೂ ಅದು ಬೇಗ ಹೊರಟರೆ. ಅಡ್ಡ ನುಗ್ಗಿದವನಿಗೆ ನಾನು ಗಾಜಿನೊಳಗಿನಿಂದ ಹೇಳುವ ಮಾತುಗಳು ಒಂಬತ್ತರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಿರಿಯರಿಗೆ ಅಡ್ಡ ನುಗ್ಗಿದರೆ? “ಪಾಪ, ಯಾರಿಗೆ ಹುಷಾರಿಲ್ಲವೋ ಏನೋ” ಎಂದು ಕೈಯೆತ್ತಿ ದಾರಿ ಬಿಡುತ್ತಾರೆ. ಅವನು ಬೈದರೂ ಅವನಿಗಾಗಿ ಪ್ರಾರ್ಥಿಸುತ್ತಾರೆ. ಅಷ್ಟು ಹೊತ್ತೂ ಅವನನ್ನೇ ನೋಡುತ್ತಿರುತ್ತಾರೆ ಎಂಬುದು ಬೇರೆ ಮಾತು.

2007ರ ಜೂನ್‌ನಲ್ಲಿ ವ್ಯಾಟಿಕನ್ನಿನ ಮಂಡಳಿಯೊಂದು ವಾಹನ ಓಡಿಸುವವರಿಗೆಂದೇ ಹತ್ತು ಆಜ್ಞೆಗಳನ್ನು ಪ್ರಕಟಿಸಿತ್ತು. ನಾವು ಕ್ಯಾಥೊಲಿಕ್ ಸಭೆಗೆ ಸೇರಿದವರಲ್ಲ. ಆದರೂ ಹೆಂಡತಿ ಎಲ್ಲಿಂದಲೋ ಹುಡುಕಿ ನಿನ್ನೆ ರಾತ್ರಿ ಓದಿದಳು. ಮೊದಲನೆಯದು, ಕೊಲ್ಲಬೇಡ. “ಇದು ಹಿರಿಯರಿಗೆ” ಎಂದೆ. ಐದನೆಯದು, ಕಾರು ನಿನಗೆ ಅಧಿಕಾರ ಮತ್ತು ದರ್ಪ ತೋರಿಸುವ ಸಾಧನವಾಗದಿರಲಿ, ಪಾಪಕ್ಕೆ ಆಸ್ಪದವಾಗದಿರಲಿ. ಇದು ಯಾರಿಗೆಂದು ಅವಳು ಹೇಳಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ದೀಪ ಆರಿಸಿದಳು.

ಇವತ್ತು ಆಗಬೇಕಾದ್ದು ಆಯಿತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬಿಳಾಮನೆಂಬವನ ಕತ್ತೆ ಅವನ ಕಾಲನ್ನು ಗೋಡೆಗೆ ಒತ್ತಿದ್ದು ಖಡ್ಗ ಹಿರಿದು ನಿಂತ ದೂತನನ್ನು ಕಂಡು. ಆರಾಧನೆ ಮುಗಿಸಿ ಹೊರಡುವಾಗ ಹಿರಿಯರ ಕಾರು ಗೇಟಿನ ಕಂಬಕ್ಕೆ ಒತ್ತಿದ್ದು “ಪ್ರಸಂಗ ಹೇಗಿತ್ತಮ್ಮಾ?” ಎಂದು ನನ್ನ ಹೆಂಡತಿಯನ್ನು ಕೇಳುವಾಗ. ಕರ್ರೆಂದು ಉದ್ದಕ್ಕೆ ಕೆರೆದ ಸದ್ದು. ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ಎರಡೂ ಬಾಗಿಲುಗಳ ಬಣ್ಣ ಕಂಬಕ್ಕೆ ಹತ್ತಿತ್ತು. ಅದರ ಕೆಳಗೆ ಇನ್ನೂ ಎರಡು ಹಳೆಯ ಗೆರೆಗಳು, ಅದೇ ಬಣ್ಣದವು.

ಹಿರಿಯರು ಕಂಬವನ್ನು ಬೆರಳಿನಿಂದ ಸವರಿ, “ಅವಳಿದ್ದಾಗ ಈ ಕಂಬ ಇಲ್ಲಿರಲಿಲ್ಲ” ಎಂದರು.

ಅವರ ಪತ್ನಿ ತೀರಿಕೊಂಡು ಎರಡು ವರ್ಷವಾಯಿತು. ಮುಂದಿನ ಸೀಟು ಅವರದು. ಇವರು ಕಾರು ಓಡಿಸಿದಷ್ಟು ಕಾಲವೂ ಪಕ್ಕದಲ್ಲಿ ಕೂತು, “ಬಸ್ಸು ಬಂತು. ಮಗು ಓಡಿತು. ಈಗ ತಿರುಗಿಸಿ” ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇರುತ್ತಿದ್ದರು. ನಾವದನ್ನು ಹಿಂದಿನಿಂದ ಕಿರಿಕಿರಿ ಎಂದು ನಗುತ್ತಿದ್ದೆವು. ಈಗ ಅಲ್ಲಿ ಅವರ ಹಾಡಿನ ಪುಸ್ತಕವೂ ಕನ್ನಡಕದ ಪೆಟ್ಟಿಗೆಯೂ ಇವೆ. ಯಾರೂ ಕೂರುವುದಿಲ್ಲ. ಎಲ್ಲರನ್ನೂ ಹಿಂದೆ ಕೂರಿಸುತ್ತಾರೆ, ಮಾತು ಬೇಕೆನಿಸಿದಾಗ ಹಿಂದಕ್ಕೆ ತಿರುಗುತ್ತಾರೆ.

ಕೀಲಿಯನ್ನು ನನ್ನ ಕೈಗಿಟ್ಟರು. ಮುಂದಿನ ಬಾಗಿಲು ತೆರೆದುಕೊಟ್ಟೆ. ಕತ್ತು ಅಲ್ಲಾಡಿಸಿ ಹೋಗಿ ನನ್ನ ಹೆಂಡತಿಯ ಪಕ್ಕ ಹಿಂದೆ ಕೂತರು. ಕನ್ನಡಿ ಇಳಿಸಿದೆ, ಇಂಡಿಕೇಟರ್ ಹಾಕಿದೆ, ರಸ್ತೆಗಿಳಿದೆ. ನೂರು ಮೀಟರ್ ಹೋಗಿರಲಿಲ್ಲ, ಸ್ಕೂಟರೊಂದು ಮೂಗಿನ ಮುಂದೆ ಸುಯ್ಯೆಂದು ದಾಟಿತು. ಹಾರ್ನಿನ ಮೇಲೆ ಅಂಗೈ ಊರಿ ತೆಗೆಯಲೇ ಇಲ್ಲ. ಬಾಯಿಗೆ ಬಂದ ಮಾತನ್ನು ಅರ್ಧಕ್ಕೆ ನುಂಗಿದೆ, ಮೊದಲರ್ಧ ಆಗಲೇ ಹೊರಗೆ ಬಿದ್ದಿತ್ತು.

ಹಿಂದಿನಿಂದ ಮೆತ್ತಗೆ ಒಂದು ಪ್ರಶ್ನೆ ಬಂತು: “ಹೊರಡುವಾಗ ಪ್ರಾರ್ಥನೆ ಮಾಡಿದೆಯೇನಪ್ಪ?”

ಮಾಡಿರಲಿಲ್ಲ. ಹಿರಿಯರು ಕೇಳಿದ್ದಾರೆ, ಮುಖ ನೋಡಿ ಉತ್ತರ ಕೊಡದಿದ್ದರೆ ತಪ್ಪಾಗುತ್ತದೆ ಎಂದು ತಿರುಗಿದೆ.

“ಮುಂದೆ ನೋಡು!” ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು.