ಡಬ್ಬಿ ಮಾಂಸದ ಮಾನ

ನಮ್ಮ ಫೋನಿಗೆ ಬರುವ ಎಸ್ಸೆಮ್ಮೆಸ್ಸುಗಳಿಗೆ ಈಗ ಇನಿಷಿಯಲ್ ಬಂದಿದೆ, ನೋಡಿದ್ದೀರಲ್ಲ? ಕಳಿಸಿದವರ ಹೆಸರಿನ ಬಾಲಕ್ಕೆ ಒಂದು ಅಕ್ಷರ. ಪಿ ಅಂದರೆ ಜಾಹೀರಾತು, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸಾಕ್ಷಾತ್ ಸರ್ಕಾರ. 2025ರಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ, ಕರುಣಿಸಿದ ಭಾಗ್ಯ ಇದು. ಕಾಟವೇನೂ ನಿಂತಿಲ್ಲ, ಯಾವ ಜಾತಿಯ ಕಾಟ ಅಂತ ಗೊತ್ತಾಗುತ್ತದೆ ಅಷ್ಟೆ. ಈ ದೇಶದಲ್ಲಿ ಯಾರು ಬಂದರೂ ಮೊದಲು ಅದೇ ತಾನೇ ಗೊತ್ತಾಗಬೇಕಾದದ್ದು? ದೇವನಹಳ್ಳಿ ಹತ್ತಿರದ ಸೈಟು, ನಾವು ಕೇಳದೇ ಮಂಜೂರಾದ ಸಾಲ, ಎಲ್ಲವೂ ಲಕ್ಷಣವಾಗಿ ಬರುತ್ತಿವೆ.

ಇದನ್ನೆಲ್ಲ ಸ್ಪ್ಯಾಮ್ ಅಂತ ಕರೆಯುವುದು ಮಾತ್ರ ಅನ್ಯಾಯ. ಆ ಹೆಸರಿನ ಅಸಲಿ ವಾರಸುದಾರ ಒಂದು ಹಂದಿಮಾಂಸದ ಡಬ್ಬಿ. ಅಮೆರಿಕದ ಮಿನೆಸೋಟ ರಾಜ್ಯದ ಆಸ್ಟಿನ್ ಅನ್ನುವ ಊರಿನ ಹಾರ್ಮೆಲ್ ಕಂಪನಿ 1937ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರಿಡಲು ಸ್ಪರ್ಧೆ ನಡೆಯಿತು, 100 ಡಾಲರ್ ಬಹುಮಾನ. ಗೆದ್ದವನು ಯಾರು? ಕಂಪನಿಯ ಉಪಾಧ್ಯಕ್ಷರೊಬ್ಬರ ತಮ್ಮನೋ ಅಣ್ಣನೋ, ಅಂತೂ ಸಹೋದರ. ನಮ್ಮ ಕಡೆಯ ಟೆಂಡರುಗಳನ್ನು ನೋಡಿದವರು ಇದನ್ನು ಓದಿ ಬೆಚ್ಚಿಬೀಳುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಈ ಡಬ್ಬಿ ಹಡಗುಗಟ್ಟಲೆ ಹೋಯಿತು. ಸ್ಪ್ಯಾಮ್ ಇಲ್ಲದಿದ್ದರೆ ನಮ್ಮ ಸೈನ್ಯಕ್ಕೆ ಊಟ ಹಾಕಲು ಆಗುತ್ತಿರಲಿಲ್ಲ ಅಂತ ಸೋವಿಯತ್ ನಾಯಕ ಕ್ರುಶ್ಚೇವ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹವಾಯಿಯಲ್ಲಿ ಇವತ್ತಿಗೂ ಅನ್ನದ ಮೇಲೆ ಇಟ್ಟುಕೊಂಡು ತಿನ್ನುತ್ತಾರೆ. ಕೊರಿಯಾದಲ್ಲಿ ಹಬ್ಬಕ್ಕೆ ಉಡುಗೊರೆ ಕೊಡುತ್ತಾರೆ. ಬ್ರಿಟನ್ನಿನವರಿಗೆ ಮಾತ್ರ ಯುದ್ಧಕಾಲದಲ್ಲಿ ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿತ್ತು. 1970ರಲ್ಲಿ ಬಿಬಿಸಿಯ ಮಾಂಟಿ ಪೈಥಾನ್ ಹಾಸ್ಯ ತಂಡ ಅದರ ಸೇಡು ತೀರಿಸಿಕೊಂಡಿತು. ಹೋಟೆಲಿನ ಮೆನುವಿನಲ್ಲಿ ಬಹುತೇಕ ಎಲ್ಲದರಲ್ಲೂ ಸ್ಪ್ಯಾಮ್. ಬೇಡ ಅಂದರೂ ಸ್ಪ್ಯಾಮ್. ಪಕ್ಕದಲ್ಲಿ ಕುಳಿತ ವೈಕಿಂಗ್ ವೇಷದವರು ಸ್ಪ್ಯಾಮ್ ಸ್ಪ್ಯಾಮ್ ಅಂತ ಹಾಡುತ್ತಾ ಯಾರ ಮಾತೂ ಕೇಳಿಸದಂತೆ ಮಾಡುತ್ತಾರೆ. ಮುಂದೆ ಕಂಪ್ಯೂಟರ್ ಮಂದಿ, ಪರದೆ ತುಂಬಾ ಕಸ ಸುರಿದು ಬೇರೆಯವರ ಮಾತು ಮುಚ್ಚಿಹಾಕುವುದಕ್ಕೆ ಅದೇ ಹೆಸರಿಟ್ಟರು.

ಪಾಪ ಹಾರ್ಮೆಲ್. ಬೊಂಬೆ ಸಿನಿಮಾ ಒಂದರಲ್ಲಿ ಕಾಡುಹಂದಿಗೆ ಸ್ಪಾಆಮ್ ಅಂತ ಹೆಸರಿಟ್ಟರೆಂದು ಕೋರ್ಟಿಗೂ ಹೋಗಿ ಸೋತಿತು. ಕೊನೆಗೆ ರಾಜಿಗೆ ಬಂದು ಕೇಳಿದ್ದಿಷ್ಟೇ: ಮಾಂಸಕ್ಕೆ ದೊಡ್ಡಕ್ಷರದಲ್ಲಿ ಬರೆಯಿರಿ, ಮೆಸೇಜಿಗೆ ಚಿಕ್ಕಕ್ಷರದಲ್ಲಿ. ಕನ್ನಡದಲ್ಲಿ ಆ ಸೌಲಭ್ಯವೂ ಇಲ್ಲ. ನಮ್ಮಲ್ಲಿ ಎರಡಕ್ಕೂ ಒಂದೇ ಮರ್ಯಾದೆ.

ಇನ್ನು ಈ ವಂಶದ ಮೂಲಪುರುಷ. ಗ್ಯಾರಿ ಥರ್ಕ್, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಮಾರ್ಕೆಟಿಂಗ್ ಸಾಹೇಬರು. 1978ರ ಮೇ ತಿಂಗಳಲ್ಲಿ, ಇಂಟರ್ನೆಟ್ಟಿನ ಅಜ್ಜ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ಒಂದೇ ಏಟಿಗೆ ಕಂಪ್ಯೂಟರಿನ ಜಾಹೀರಾತು ಕಳಿಸಿದರು. ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿಸಿದ್ದರು. ಪಟ್ಟಿ ಎಷ್ಟು ಉದ್ದವಾಯಿತೆಂದರೆ, ಜಾಗ ಸಾಲದೆ ವಿಳಾಸಗಳು ಪತ್ರದ ಒಳಕ್ಕೇ ಉಕ್ಕಿ ಹರಿದವು. ಎಂಥ ಶ್ರದ್ಧೆ! ಆಗ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಮುಂದೆ ಸ್ವತಂತ್ರ ತಂತ್ರಾಂಶದ ಗುರುವಾದವರು, ಇದರಲ್ಲೇನು ತಪ್ಪು ಅಂತ ವಾದಿಸಿದರು. ನೆಟ್ಟಿನಲ್ಲಿ ಯಾರಾದರೂ ಗಂಡು ಹೆಣ್ಣು ಜೋಡಿಸುವ ಸೇವೆ ಶುರುಮಾಡಿದರೆ ನನಗೊಂದು ಮೇಲ್ ಹಾಕಿ ಅಂತಲೂ ಸೇರಿಸಿದರು. ಆಮೇಲೆ ಯಾರೋ ಅವರಿಗೆ ಥರ್ಕ್ ಪತ್ರದ ಪ್ರತಿ ಕಳಿಸಿದರು. ತಕ್ಷಣ ಪ್ಲೇಟ್ ಬದಲು. ಇಷ್ಟುದ್ದದ ವಿಳಾಸಪಟ್ಟಿ ಕಳಿಸಲು ಯಾರಿಗೂ ಬಿಡಬಾರದು ಅಂದರು! ತತ್ವಜ್ಞಾನ ಇನ್‌ಬಾಕ್ಸಿನ ಬಾಗಿಲವರೆಗೆ ಮಾತ್ರ.

ಥರ್ಕ್ ಅವರಿಗೆ ಬೈಗುಳ ಬಿತ್ತು. ಆದರೆ ಅದರಿಂದ ಕೋಟಿ ಡಾಲರಿಗೂ ಮೀರಿದ ವ್ಯಾಪಾರವೂ ಆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. 1994ರಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗೆಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಅನ್ನುವ ಅಂದಿನ ಆನ್‌ಲೈನ್ ಹರಟೆಕಟ್ಟೆಯ ಸಾವಿರಾರು ಗುಂಪುಗಳಲ್ಲಿ ಸುರಿದರು. ಜಗತ್ತೆಲ್ಲ ಉಗಿಯಿತು. ಅವರು ಕ್ಷಮೆ ಕೇಳಲಿಲ್ಲ, ಹೀಗೆ ದುಡ್ಡು ಮಾಡುವುದು ಹೇಗೆ ಅಂತ ಪುಸ್ತಕ ಬರೆದರು. 2003ರಲ್ಲಿ ಅಮೆರಿಕ ಸರ್ಕಾರ ಕ್ಯಾನ್ ಸ್ಪ್ಯಾಮ್ ಅನ್ನುವ ಕಾನೂನು ತಂದಿತು. ಅದರ ಪ್ರಕಾರ, ನಿಮ್ಮನ್ನು ಕೇಳದೇ ಜಾಹೀರಾತಿನ ಮೇಲ್ ಕಳಿಸಬಹುದು. ಬೇಡ ಅನ್ನುವ ಕೆಲಸ ನಿಮ್ಮದು.

ಆ ಕೆಲಸ ಇಲ್ಲೂ ನಮ್ಮದೇ. 2007ರಲ್ಲಿ ಕರೆ ಮಾಡಬೇಡಿ ಅನ್ನುವ ಪಟ್ಟಿ ಶುರುವಾಯಿತು. 2010ರಲ್ಲಿ ಹೊಸ ನಿಯಮ. 2018ರಲ್ಲಿ ಇನ್ನೂ ಹೊಸ ನಿಯಮ, ಜೊತೆಗೆ ಬ್ಲಾಕ್‌ಚೈನ್, ಅಂದರೆ ಗುಟ್ಟಾಗಿ ತಿದ್ದಲಾಗದ ಡಿಜಿಟಲ್ ಲೆಕ್ಕದ ಪುಸ್ತಕ. ಹೌದು, ಬ್ಲಾಕ್‌ಚೈನ್! ಸೈಟು ಮಾರುವವನನ್ನು ತಡೆಯಲು ಬ್ಲಾಕ್‌ಚೈನ್. ಅವನು ಬೇರೆ ಸಿಮ್ ಹಾಕಿಕೊಂಡ.

ತಮಾಷೆ ಇರಲಿ. ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆಗೂ ನಂಬರ್ ಕೇಳುತ್ತಾರೆ. ಚಪ್ಪಲಿ ಕೊಂಡರೂ ನಂಬರ್. ಕೊಡಲ್ಲ ಅಂದರೆ ಬಿಲ್ ಆಗಲ್ಲ ಸಾರ್ ಅನ್ನುತ್ತಾರೆ. ಆ ನಂಬರ್ ಯಾರ ಕೈಗೆ, ಎಷ್ಟಕ್ಕೆ ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಮನೆಯವರು ಆಸ್ಪತ್ರೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲೇಬೇಕು. ಎದೆ ಹೊಡೆದುಕೊಳ್ಳುತ್ತಾ ಎತ್ತಿದರೆ ಆ ಕಡೆಯಿಂದ ಕ್ರೆಡಿಟ್ ಕಾರ್ಡ್. ಮಾತಾಡುವ ಹುಡುಗಿಗೆ ಬೈಯಲೂ ಮನಸ್ಸು ಬರುವುದಿಲ್ಲ, ಅವಳಿಗೆ ತಿಂಗಳ ಟಾರ್ಗೆಟ್. ಅವಳ ಕೈಗೆ ಪಟ್ಟಿ ಕೊಟ್ಟವನು ಯಾವತ್ತೂ ಫೋನಿಗೆ ಸಿಗುವುದಿಲ್ಲ. ಸಾಕಾಗಿದೆ ಕಣ್ರೀ, ನಿಜವಾಗಿಯೂ ಸಾಕಾಗಿದೆ.

ದೂರು ಕೊಡಬಹುದು, ಕೊಡಿ. 1909 ಅನ್ನುವ ನಂಬರಿಗೆ. ಬಂದ ಮೆಸೇಜು, ಕಳಿಸಿದವರ ನಂಬರು, ದಿನಾಂಕ, ಎಲ್ಲ ಗುಮಾಸ್ತರ ಹಾಗೆ ನೀವೇ ಬರೆದು ಕಳಿಸಬೇಕು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, ಈಗ ಉದಾರವಾಗಿ ಏಳು ದಿನ ಮಾಡಿದ್ದಾರೆ. ಕೊಟ್ಟ ಕೂಡಲೇ ಕೆಲಸ ಶುರು. ನಿಮ್ಮ ದೂರು ಬಂದಿದೆ ಅಂತ ಒಂದು ಮೆಸೇಜು. ದೂರಿನ ಸಂಖ್ಯೆ ಇಂತಿಷ್ಟು ಅಂತ ಒಂದು ಮೆಸೇಜು. ಪರಿಶೀಲಿಸಿ ಮುಗಿಸಿದ್ದೇವೆ ಅಂತ ಇನ್ನೊಂದು.