ಸಾಹೇಬರ ಸಹಿ ಇಲ್ಲದೆ ಬೂಟ್ ಆಗುವುದಿಲ್ಲ

ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಗೆಜೆಟೆಡ್ ಅಧಿಕಾರಿಯ ಬಾಗಿಲು ಕಾದ ತಲೆಮಾರು ನಮ್ಮದು. 2014ರ ಹೊತ್ತಿಗೆ ಕೇಂದ್ರ ಸರ್ಕಾರ ‘ಸ್ವಯಂ ದೃಢೀಕರಣ ಸಾಕು, ಹೋಗಿ’ ಎಂದು ನಮ್ಮನ್ನು ಬಿಟ್ಟಿತು. ಅಷ್ಟರಲ್ಲಾಗಲೇ ಸಾಹೇಬರು ವರ್ಗ ಮಾಡಿಸಿಕೊಂಡು ಲ್ಯಾಪ್‌ಟಾಪಿನ ಮದರ್‌ಬೋರ್ಡಿಗೆ ಬಂದು ಕೂತಿದ್ದರು. ಹುದ್ದೆ: ಸೆಕ್ಯೂರ್ ಬೂಟ್, ಅಂದರೆ ಕಂಪ್ಯೂಟರ್ ಏಳುವಾಗ (ಬೂಟ್ ಆಗುವಾಗ) ಓಡುವ ಪ್ರೋಗ್ರಾಮಿಗೆ ಸಹಿ ಇದೆಯೇ ಎಂದು ನೋಡುವ ಕಾವಲು.

ಅವರಿಗಿಂತ ಮೊದಲು ಆ ಕುರ್ಚಿಯಲ್ಲಿ 1981ರ ಐಬಿಎಂ ಪಿಸಿ ಕಾಲದ ಬಯೋಸ್ ಇತ್ತು, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮ್. ಡಿಸ್ಕಿನ ಮೊದಲ 512 ಬೈಟ್ ಓದುವುದು, ಅಲ್ಲಿ ಏನಿದೆಯೋ ಅದನ್ನು ಓಡಿಸುವುದು, ಇಷ್ಟೇ ಕೆಲಸ. ಯಾರು ಬರೆದದ್ದು, ಯಾಕೆ ಬರೆದದ್ದು ಎಂದು ಕೇಳುವ ಚಾಳಿ ಇರಲಿಲ್ಲ. ವೈರಸ್ಸನ್ನೂ ಅಷ್ಟೇ ಅಕ್ಕರೆಯಿಂದ ಓಡಿಸುತ್ತಿತ್ತು, ಆ ಮಾತು ಬೇರೆ. ಆಮೇಲೆ ಬಯೋಸಿನ ಜಾಗಕ್ಕೆ ಯುಇಎಫ್‌ಐ ಬಂತು, 2012ರಲ್ಲಿ ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಮನೆಮನೆಗೆ ಬಂತು. ಈಗ ಸಹಿ ಇಲ್ಲದ ಕಡತ ಮುಂದಕ್ಕೆ ಹೋಗುವುದಿಲ್ಲ. ಸಹಿ ಯಾರದು? ಹೆಚ್ಚಿನ ಪಿಸಿಗಳಲ್ಲಿ ಮೈಕ್ರೋಸಾಫ್ಟಿನದು. ವಿಂಡೋಸ್ ಬೇಡವೆಂದು ಲಿನಕ್ಸ್ ಹಾಕಲು ಹೊರಟವನಿಗೂ ಅವರದೇ ಸಹಿ ಬೇಕು. ಉಬುಂಟು, ಫೆಡೋರಾದವರು ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಅಲ್ಲಿಂದ ಸಹಿ ಹಾಕಿಸಿಕೊಂಡು ಬರುತ್ತಾರೆ. ಶಿಮ್ಮಿನ ಬೆನ್ನಿಗೆ ಲಿನಕ್ಸನ್ನು ಎಬ್ಬಿಸುವ ಗ್ರಬ್, ಗ್ರಬ್ಬಿನ ಬೆನ್ನಿಗೆ ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ ನುಗ್ಗುತ್ತವೆ.

ಇಷ್ಟೊಂದು ಕಟ್ಟುನಿಟ್ಟಿನ ಸಾಹೇಬರ ಸ್ವಂತ ನೇಮಕಾತಿ ಪತ್ರ ಹೇಗಿತ್ತು ಎನ್ನುವುದು ಜುಲೈ 2024ರಲ್ಲಿ ಬಯಲಾಯಿತು. ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ತೆರೆದು ನೋಡಿದರೆ, ಹೆಸರಾಂತ ಕಂಪನಿಗಳ ನೂರಾರು ಮಾದರಿಗಳಲ್ಲಿ ಇಡೀ ವ್ಯವಸ್ಥೆಗೆ ಬುಡವಾದ ಪ್ಲಾಟ್‌ಫಾರ್ಮ್ ಕೀ ಎಂದರೆ ಫರ್ಮ್‌ವೇರ್ (ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಕಂಪನಿ ಎಎಂಐ ಪರೀಕ್ಷೆಗೆಂದು ಕೊಟ್ಟ ಮಾದರಿ ಕೀ! ತಯಾರಕರು ಅದನ್ನು ಬದಲಿಸುವ ಗೋಜಿಗೇ ಹೋಗಿರಲಿಲ್ಲ. ಪಾಪ, ಎಎಂಐನವರು ಆ ಕೀಯ ಹೆಸರಿನಲ್ಲೇ ‘ಡು ನಾಟ್ ಟ್ರಸ್ಟ್’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರು. ಓದುವವರು ಬೇಕಲ್ಲ. ಸಾಲದ್ದಕ್ಕೆ ಅದರ ಗುಟ್ಟಿನ ಭಾಗವೂ ಇಂಟರ್‌ನೆಟ್ಟಿಗೆ ಸೋರಿತ್ತು.

ಮರುತಿಂಗಳೇ ಇನ್ನೊಂದು. ವಿಂಡೋಸಿನ ಆಗಸ್ಟ್ ಅಪ್‌ಡೇಟ್ ಬಂತು. ವಿಂಡೋಸ್, ಲಿನಕ್ಸ್ ಎರಡೂ ಓಎಸ್ (ಆಪರೇಟಿಂಗ್ ಸಿಸ್ಟಮ್) ಇಟ್ಟುಕೊಂಡವರಿಗೆ ಇದು ತಾಗುವುದಿಲ್ಲ ಎಂದು ಮೈಕ್ರೋಸಾಫ್ಟಿನವರು ಮೊದಲೇ ಅಭಯ ಕೊಟ್ಟಿದ್ದರು. ತಾಗಿತು. ಅವರ ಲಿನಕ್ಸ್ ಏಳಲಿಲ್ಲ. ಕಪ್ಪು ಪರದೆಯಲ್ಲಿ ‘ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್’ ಎಂಬ ಷರಾ ಕಾಣಿಸಿತು. ಅದು ನಮಗೂ ಕಾಣುತ್ತಿದೆ ಸ್ವಾಮಿ, ಏನು ಅಂತ ಹೇಳಿ! ಪೂರ್ತಿ ಪರಿಹಾರ ಬಂದದ್ದು ಮೇ 2025ರಲ್ಲಿ.

ಸರಿ, ಈಗ ಒಂದು ಓಎಸ್ ಹಾಕೋಣ. ಸಾಹೇಬರನ್ನು ಕಾಣಲು ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಎಫ್2 ಒತ್ತಬೇಕು. ಡಿಲೀಟೂ ಇರಬಹುದು, ಎಫ್10 ಕೂಡ, ಕಂಪನಿಗೊಂದು ಸಂಪ್ರದಾಯ. ಫಾಸ್ಟ್ ಬೂಟ್ ಇದ್ದರೆ ಬೆರಳು ಇಳಿಯುವಷ್ಟರಲ್ಲಿ ದರ್ಶನದ ವೇಳೆ ಮುಗಿದಿರುತ್ತದೆ. ಒಳಗೆ ಹೋದಿರಾ? ಸೆಕ್ಯೂರ್ ಬೂಟ್ ಸಾಲು ಬೂದಿ ಬಣ್ಣದಲ್ಲಿದೆ, ಅಲ್ಲಾಡುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಹಾಗಂತ ಅಲ್ಲಿ ಎಲ್ಲೂ ಬರೆದಿಲ್ಲ. ಆಫ್ ಮಾಡಿ ಬಂದರೆ ವಿಂಡೋಸಿನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹೌಹಾರಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಅದನ್ನೂ ದಾಟಿದಿರಿ, ಪೆನ್‌ಡ್ರೈವ್ ಏಳುತ್ತದೆ, ಇನ್‌ಸ್ಟಾಲರ್ ಕೇಳುತ್ತದೆ: ಡಿಸ್ಕ್ ಎಲ್ಲಿ? ಡಿಸ್ಕ್ ಅಲ್ಲೇ ಇದೆ. ಇಂಟೆಲ್‌ನ ವಿಎಂಡಿ ಎಂಬ ಕಂಟ್ರೋಲರಿನ ಮರೆಯಲ್ಲಿ ಕೂತಿದೆ, ಡ್ರೈವರ್ ಇಲ್ಲದ ಇನ್‌ಸ್ಟಾಲರಿಗೆ ಕಾಣದು. ಹಾಗಾದರೆ ವಿಎಂಡಿ ಆಫ್ ಮಾಡೋಣವೆಂದರೆ ಆ ಸಾಲೇ ಕಾಣುವುದಿಲ್ಲ. ಕೆಲವು ಮಾದರಿಗಳಲ್ಲಿ ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಅದು ಪ್ರತ್ಯಕ್ಷವಾಗುತ್ತದೆ. ಗುರುಮುಖೇನ ಬರಬೇಕಾದ ವಿದ್ಯೆ ಇದು. ಹಾಗೆ ಆಫ್ ಮಾಡಿದರೆ ಒಳಗಿದ್ದ ಹಳೇ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗುವುದೂ ಉಂಟು.

ಇಲ್ಲೂ ಸ್ವಯಂ ದೃಢೀಕರಣಕ್ಕೆ ಅವಕಾಶವಿದೆ, ಇಲ್ಲವೆನ್ನಲಾಗದು. ಗ್ರಾಫಿಕ್ಸ್ ಕಾರ್ಡಿನ ಎನ್ವಿಡಿಯಾ ಡ್ರೈವರಿಗೆ ನೀವೇ ಸಹಿ ಹಾಕಬಹುದು. ಆ ಸಹಿ ಹಾಕುವ ಕೀಗೆ ಮೋಕ್ ಎನ್ನುತ್ತಾರೆ, ಯಂತ್ರದ ಮಾಲೀಕನ ಕೀ. ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆಯೊಂದು ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಮಾಲೀಕರು ಕೀಲಿಮಣೆ ಮುಟ್ಟದಿದ್ದರೆ, ಕಾಫಿ ತರಲು ಎದ್ದಿದ್ದರೆ, ಅರ್ಜಿ ವಜಾ.

ಇನ್ನು ಸೆಕ್ಯೂರ್ ಬೂಟ್ ಸಹಿಗೆ ಆಧಾರವಾದ 2011ರ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ ಜೂನ್ 2026ರಿಂದ ಮುಗಿಯುತ್ತಾ ಬರುತ್ತದೆ. ಗಾಬರಿ ಬೇಡ, ಫರ್ಮ್‌ವೇರ್ ಸಾಮಾನ್ಯವಾಗಿ ತಾರೀಕು ನೋಡುವುದೇ ಇಲ್ಲ, ಹಳೆಯ ಸಹಿ ನಡೆಯುತ್ತಲೇ ಇರುತ್ತದೆ. ಆದರೆ 2023ರ ಹೊಸ ಸಹಿ ಮಾತ್ರ ಇರುವ ಓಎಸ್ ಬಂದರೆ ಹಳೆಯ ಮದರ್‌ಬೋರ್ಡಿಗೆ ಗುರುತು ಹತ್ತದು. ಹೊಸ ಕೀ ತುಂಬಿಸಬೇಕು, ಎಷ್ಟೋ ಕಡೆ ಅದಕ್ಕೆ ಬಯೋಸ್ ಅಪ್‌ಡೇಟೇ ಬೇಕು. ಲಿನಕ್ಸ್ ಹಾಕಲು ಕಾದು ಕುಳಿತವರಿಗೆ ಆ ಅಪ್‌ಡೇಟನ್ನು ಕೆಲವು ಕಂಪನಿಗಳು ಡಾಟ್ ಇಎಕ್ಸ್‌ಇ ಕಡತವಾಗಿ ಕೊಡುತ್ತವೆ. ಓಡಿಸಲು ವಿಂಡೋಸ್ ಬೇಕು.