ಸಾಹುಕಾರರ ಹಳದಿ

ವೆಬ್ ಪುಟ ಹೇಗೆ ಕಾಣಬೇಕೆಂದು ಬ್ರೌಸರಿಗೆ ಹೇಳುವ ಭಾಷೆ ಸಿಎಸ್‌ಎಸ್. ಅದರಷ್ಟು ಸಹನೆಯುಳ್ಳ ಜೀವ ಇನ್ನೊಂದಿಲ್ಲ. ಬಣ್ಣದ ಹೆಸರನ್ನು ತಪ್ಪಾಗಿ ಬರೆದರೂ ಒಂದು ಮಾತು ಆಡುವುದಿಲ್ಲ. ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಪುಟ ಏಕೆ ಹೀಗೆ ಕಾಣುತ್ತಿದೆ ಎಂದು ನಾವು ರಾತ್ರಿಯೆಲ್ಲ ತಲೆ ಕೆರೆದುಕೊಳ್ಳಬೇಕು. ಸಾಸ್ ಇದಕ್ಕೆ ತದ್ವಿರುದ್ಧ. ಸೆಮಿಕೋಲನ್ ಒಂದು ಬಿಟ್ಟುಹೋದರೂ ಕೈಕಟ್ಟಿ ಕೂತು, ಯಾವ ಕಡತದ ಎಷ್ಟನೆಯ ಸಾಲು ಎಂದು ಸಾರಿ ಸಾರಿ ಹೇಳುತ್ತದೆ. ನಾವು ಚೊಕ್ಕವಾಗಿ ಬರೆದುಕೊಟ್ಟ ಬಣ್ಣ, ಅಳತೆಗಳನ್ನು ಬ್ರೌಸರಿಗೆ ತಿಳಿಯುವ ಸಿಎಸ್‌ಎಸ್ ಆಗಿ ಮಾಡಿಕೊಡುವ ಈ ಮುಕ್ತ ತಂತ್ರಾಂಶ 2006ರಿಂದಲೂ ಇದೆ. ಬಾಯಿಬಡುಕರೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಆದರೆ ಅವರನ್ನು ಗಿರಾಕಿಯ ಎದುರಿಗೆ ಕೂರಿಸಬಾರದು.

ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಸಾಸ್ ಹಾಕಿಕೊಳ್ಳಲು ಯಾವುದೋ ಹಳೆಯ ವಿಡಿಯೊ ನೋಡಿದರೆ, ಮೊದಲು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿ ಎಂದಿತು. ಹಾಕಿದೆ. ರೂಬಿಯ ಸಾಸ್‌ಗೆ 2019ರ ಮಾರ್ಚಿನಲ್ಲೇ ವಿದಾಯ ಹೇಳಿಯಾಗಿದೆ ಎಂಬ ಸುದ್ದಿ ಆಮೇಲೆ ತಿಳಿಯಿತು. ಇನ್ನೊಂದು ವಿಡಿಯೊ ಸಾಸ್‌ನ ಮತ್ತೊಂದು ರೂಪವಾದ ನೋಡ್-ಸಾಸ್ ಹಾಕಿ ಎಂದಿತು. ನನಗೆ ಬೇಕಾಗಿದ್ದದ್ದು ಒಂದು ಹಳದಿ ಬಣ್ಣ. ಅದು ಕೇಳಿದ್ದು ಪೈಥಾನ್ ಎಂಬ ಇನ್ನೊಂದು ಭಾಷೆ, ಅದಾದ ಮೇಲೆ ಸಿ ಪ್ಲಸ್ ಪ್ಲಸ್ ಭಾಷೆಯನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್. ಮೇ ತಿಂಗಳ ಮಧ್ಯಾಹ್ನ ಕಂಪೈಲರ್ ಜಿಗಾಬೈಟ್‌ಗಟ್ಟಲೆ ಇಳಿಯುತ್ತಿರುವಾಗ ಕರೆಂಟು ಹೋಯಿತು. ಫ್ಯಾನೂ ನಿಂತಿತು, ರೂಟರೂ ನಿಂತಿತು. "ಅಂಗಡಿಯಲ್ಲಿ ಡಬ್ಬಿಯಲ್ಲೇ ಸಿಗುತ್ತದಲ್ಲ ಹಳದಿ ಬಣ್ಣ" ಎಂದಳು ಅವ್ವ, ಬೀಸಣಿಗೆ ಬೀಸಿಕೊಳ್ಳುತ್ತ.

ಆ ನೋಡ್-ಸಾಸ್‌ನ ಒಡಲಲ್ಲಿದ್ದ ಲಿಬ್‌ಸಾಸ್ ಕೂಡ 2020ರಲ್ಲೇ ಬಳಕೆಯಿಂದ ಕೆಳಗಿಳಿದ ಯಂತ್ರ. ಈಗ ನಡೆಯುವುದು ಡಾರ್ಟ್ ಸಾಸ್ ಒಂದೇ. ತಂತ್ರಾಂಶಗಳ ಉಗ್ರಾಣವಾದ ಎನ್‌ಪಿಎಂನಲ್ಲಿ ಬರೀ ಸಾಸ್ ಎಂಬ ಹೆಸರಿನಲ್ಲಿ ಕೂತಿರುವ ಅದಕ್ಕೆ ಪೈಥಾನೂ ಬೇಡ, ಕಂಪೈಲರೂ ಬೇಡ. ಕರೆಂಟು ಬಂದ ಮೇಲೆ ಅವ್ವ ಚಹಾ ಸೋಸುವುದರೊಳಗೆ ಇಳಿದು ಕೂತಿತು. ಹಳೆಯ ವಿಡಿಯೊಗಳನ್ನು ಅಳಿಸಿಹಾಕುವ ಕಾನೂನು ಯಾರಾದರೂ ತಂದರೆ ನನ್ನ ಮತ ಅವರಿಗೇ.

ಓಡಿಸಿದ ಕೂಡಲೇ ಪರದೆಯ ತುಂಬ ಎಚ್ಚರಿಕೆಗಳು. ಒಂದು ಕಡತದೊಳಗೆ ಇನ್ನೊಂದನ್ನು ಸೇರಿಸಿಕೊಳ್ಳುವ ಇಂಪೋರ್ಟ್ ಪದ್ಧತಿ ಹಳತಾಯಿತು, ಆವೃತ್ತಿ 3ರಲ್ಲಿ ತೆಗೆದುಹಾಕುತ್ತೇವೆ, ಯೂಸ್ ಬಳಸಿ. ಬಣ್ಣ ತಿಳಿಯಾಗಿಸುವ ಲೈಟನ್ ಬೇಡ, ಗಾಢವಾಗಿಸುವ ಡಾರ್ಕನ್ ಬೇಡ. ಭಾಗಾಕಾರಕ್ಕೆ ಅಡ್ಡಗೀಟು ಹಾಕಬೇಡಿ. ಮದುವೆ ಮನೆಯ ಹಿರಿಯರಂತೆ ಎಲ್ಲದಕ್ಕೂ ಆಕ್ಷೇಪ ತೆಗೆದು, ಕೊನೆಗೆ ಕೆಲಸವನ್ನೇನೋ ಮಾಡಿಯೇ ಕೊಟ್ಟಿತು.

ಮಿಲ್ಲಿನ ಸಾಹುಕಾರರಿಗೆ ಪುಟದ ಬಣ್ಣ ತಮ್ಮ ಬೇಳೆಯದೇ ಆಗಬೇಕಿತ್ತು. ಒಂದು ಹಿಡಿ ಫಟಕಾ ಬೇಳೆ ತಂದು ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಾಗದದ ಮೇಲೆ ಸುರಿದರು. "ತಮ್ಮಾ, ಇದೇ ಬಣ್ಣ. ಅರಿಸಿನವೂ ಅಲ್ಲ, ನಿಂಬೆಯೂ ಅಲ್ಲ." ಶೀರ್ಷಿಕೆ ಮಾತ್ರ 'ಗುಲ್ಬರ್ಗಾ ತೊಗರಿ ಬೇಳೆ' ಎಂದೇ ಇರಬೇಕು. ಊರು 2014ರಲ್ಲಿ ಕಲಬುರಗಿಯಾಯಿತು, 2019ರಲ್ಲಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಹಳೆಯ ಹೆಸರಿನಲ್ಲಿ. ಆ ಪ್ರಮಾಣಪತ್ರವನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಸಾಸ್‌ನಲ್ಲಿ ಚರಗಳಿಗೆ, ಅಂದರೆ ಒಂದು ಬಣ್ಣವನ್ನೋ ಅಳತೆಯನ್ನೋ ಹಿಡಿದಿಡುವ ಡಬ್ಬಿಗಳಿಗೆ, ಕನ್ನಡದ ಹೆಸರನ್ನೇ ಇಡಬಹುದು. ನಾನು ಮೇಲ್ಗಡೆ $ತೊಗರಿ ಎಂದು ಬರೆದು ಒಂದು ಹಳದಿ ಕೊಟ್ಟೆ. ಪಟ್ಟಿ, ಗುಂಡಿ, ಅಂಚು, ಅಡಿಬರಹ ಎಲ್ಲವೂ ಅದರಿಂದಲೇ ಬಣ್ಣ ಪಡೆಯುವಂತೆ ಮಾಡಿದೆ. ಸಾಹುಕಾರರು ಒಂದು ಕಾಳನ್ನು ಎತ್ತಿ ಪರದೆಗೆ ಅಂಟಿಸಿದಂತೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇನ್ನೊಂದು ಚೂರು ತಿಳಿ" ಎಂದರು. ತಿದ್ದಿದೆ. ಕಿಟಕಿಯ ಪರದೆ ಸರಿಸಿದರು. ಬಿಸಿಲು ಬಿದ್ದು ಬೇಳೆಯ ಬಣ್ಣವೇ ಬೇರೆಯಾಯಿತು. "ಈಗ ಗಾಢ ಮಾಡಿ." ಮಾಡಿದೆ. ಮೋಡ ಬಂತು.

ಇಂಜಿನಿಯರಿಂಗ್ ಓದುತ್ತಿದ್ದ ಅವರ ಸೋದರಳಿಯ ನನ್ನ ಸಹಾಯಕ. ಅವನು ಸಾಸ್ ಹುಟ್ಟಿಸಿದ ಸಿಎಸ್‌ಎಸ್ ಕಡತಕ್ಕೇ ನೇರವಾಗಿ ಕೈಹಾಕಿ ಚೆಂದದ ನೆರಳುಗಳನ್ನು ಬಿಡಿಸಿದ್ದ. ಮೂಲ ಕಡತವನ್ನು ನಾನು ಉಳಿಸಿದ ಮರುಕ್ಷಣವೇ ಸಾಸ್ ಹೊಸ ಸಿಎಸ್‌ಎಸ್ ಬರೆದು ಅವನ್ನೆಲ್ಲ ಒರೆಸಿಹಾಕಿತು. "ಅಣ್ಣಾ, ನನ್ನ ನೆರಳುಗಳು ಎಲ್ಲಿ?" ಎಂದು ಫೋನು. ಮೂಲ ಕಡತದಲ್ಲೇ ಬರೆಯಬೇಕು ಎಂದೆ. ಹುಡುಗ ಶ್ರದ್ಧಾವಂತ. ಮಿಲ್ಲಿನ ಕಚೇರಿಯ ಕಂಪ್ಯೂಟರಿನಲ್ಲಿ ಕೂತು ಮೂಲದಲ್ಲೇ ಬರೆದ. $ತೊಗರಿ ಎನ್ನುವ ಕಡೆ $ತೊಗರೀ ಎಂದು ದೀರ್ಘ ಎಳೆದ.

ಸಾಸ್‌ಗೆ ಒಂದು ಅಭ್ಯಾಸವಿದೆ. ಕಡತ ಕೆಟ್ಟರೆ ಅದು ಆದೇಶ ಟೈಪಿಸುವ ಟರ್ಮಿನಲ್ ಕಿಟಕಿಯಲ್ಲಿ ಕೂಗಿ ಸುಮ್ಮನಾಗುವುದಿಲ್ಲ. ಸಿಎಸ್‌ಎಸ್ ಕಡತದೊಳಗೇ ದೂರು ಬರೆದಿಟ್ಟು, ಅದು ವೆಬ್ ಪುಟದ ನೆತ್ತಿಯ ಮೇಲೆ ಕಾಣಿಸುವಂತೆ ಮಾಡುತ್ತದೆ. ನೆಹರು ಗಂಜಿನಿಂದ ಬಂದ ಅಡತ್ ವ್ಯಾಪಾರಿಯೊಬ್ಬರಿಗೆ ಸಾಹುಕಾರರು ಪುಟ ತೋರಿಸುತ್ತಿದ್ದದ್ದು ಸರಿಯಾಗಿ ಆಗಲೇ. ಹಳದಿಯೆಲ್ಲ ಹೋಗಿ ಪುಟ ಬಿಳಿಚಿಕೊಂಡಿತು. ಮೇಲ್ಗಡೆ 'ಎರರ್' ಎಂದು ಶುರುವಾಗುವ ಇಂಗ್ಲಿಷ್ ಸಾಲು, ಅದರಡಿ ಕನ್ನಡದಲ್ಲಿ 'ತೊಗರೀ', ಆ ಪದದ ಕೆಳಗೆ ಬೆರಳು ತೋರಿಸುವ ಬಾಣದ ತುದಿಗಳ ಸಾಲು.

ವ್ಯಾಪಾರಿ ಕನ್ನಡಕ ಸರಿಮಾಡಿಕೊಂಡರು. "ಸಾಹುಕಾರರೇ, ನಿಮ್ಮ ತೊಗರಿಯಲ್ಲಿ ದೋಷವಿದೆ ಎಂದು ನಿಮ್ಮ ಕಂಪ್ಯೂಟರೇ ಹೇಳುತ್ತಿದೆಯಲ್ಲ!" ಎಂದವರು, ಅದೇ ನೆಪದಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ಇಳಿಸಲು ಕೂತರು.

ನನಗೆ ಕರೆ ಬಂತು. ಹೋಗಿ ದೀರ್ಘ ತೆಗೆದೆ, ಪುಟ ಮತ್ತೆ ಹಳದಿಯಾಯಿತು. ಸಾಹುಕಾರರು ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು. ಸಾಸ್‌ನ ಗುಣವನ್ನು ಕೊಂಡಾಡುವ ಉತ್ಸಾಹದಲ್ಲಿ ನಾನು, ಮೇಲಿನ ಒಂದು ಸಾಲು ತಿದ್ದಿದರೆ ಸಾಕು, ಇಡೀ ಸೈಟಿನ ಬಣ್ಣ ಬದಲಾಗುತ್ತದೆ ನೋಡಿ ಎಂದು ತಿದ್ದಿಯೂ ತೋರಿಸಿದೆ. ಅವರು ಬಹಳ ಮೆಚ್ಚಿಕೊಂಡರು.

ವಾರದ ಮೇಲೆ ಬಿಲ್ಲು ಕೊಟ್ಟೆ. 'ಬಣ್ಣ ವಿನ್ಯಾಸ' ಎಂಬಲ್ಲಿ ಅವರ ಬೆರಳು ನಿಂತಿತು.

"ಒಂದೇ ಸಾಲಿನ ಕೆಲಸವಲ್ಲವೇ, ತಮ್ಮಾ? ನಾನೇ ಕಣ್ಣಾರೆ ನೋಡಿದ್ದೇನೆ."

ಅರ್ಧ ಮುರಿದುಕೊಂಡು ಕೊಟ್ಟರು. ಉಳಿದದ್ದಕ್ಕೆಂದು ಐದು ಕಿಲೋ ಬೇಳೆ. ಈಗ ಬಟ್ಟೆ ಅಂಗಡಿಯವರೊಬ್ಬರ ಸೈಟು ಹಿಡಿದಿದ್ದೇನೆ. ಬಣ್ಣ ಬದಲಿಸಿ ಎಂದರೆ, ಎರಡು ದಿನ ಬೇಕಾಗುತ್ತದೆ ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬರುತ್ತೇನೆ.